ಸರ್ ಆರ್ನಾಲ್ಡ್ ಥೈಲರ್ : ಒಣಭೂಮಿಯ ಜಾನುವಾರು ರೋಗಗಳ ಮೂಲವನ್ನು ಹುಡುಕಿದ ಪಶುವೈದ್ಯ

ಮಿಶ್ರತಳಿ ಹಸುವಿಗೆ ತೀವ್ರ ಜ್ವರ ಬಂದು, ಭುಜದ ಮುಂದಿನ ಗ್ರಂಥಿಗಳು ಊದಿಕೊಂಡು, ಹಸು ಮೇವು ಬಿಟ್ಟು ನಿಂತಾಗ ಪಶುಪಾಲಕರು ಹತ್ತಿರದ ಪಶು ಆಸ್ಪತ್ರೆಗೆ ಬರುತ್ತಾರೆ. ಪಶುವೈದ್ಯರು ರಾಸುವಿನ ಕಿವಿಯ ಅಂಚಿನಿಂದ ಒಂದು ಹನಿ ರಕ್ತವನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವ್ಯವಸ್ಥೆ ಮಾಡುತ್ತಾರೆ. ಪರೀಕ್ಷೆಯ ನಂತರ ದೊರೆಯುವ ಚೀಟಿಯಲ್ಲಿ ಅನೇಕ ವೇಳೆ ಥೈಲೇರಿಯಾ ಎಂಬ ಹೆಸರು ಬರೆದಿರುತ್ತದೆ. ಕೆಲವು ಸಲ ಅನಾಪ್ಲಾಸ್ಮಾ ಎಂಬ ಇನ್ನೊಂದು ಹೆಸರೂ ಇರುತ್ತದೆ. ಇವುಗಳಲ್ಲಿ ಮೊದಲನೆಯದು ಒಬ್ಬ ಪಶುವೈದ್ಯನ ಹೆಸರಿನಿಂದ ಬಂದದ್ದು. ಎರಡನೆಯದು ಅದೇ ಪಶುವೈದ್ಯ ಗುರುತಿಸಿ ಹೆಸರಿಟ್ಟ ರೋಗಾಣು. ಅವರೇ ಸರ್ ಆರ್ನಾಲ್ಡ್ ಥೈಲರ್. ದಕ್ಷಿಣ ಆಫ್ರಿಕಾದ ಬಿಸಿಲಿನ, ಅಲ್ಪ ಮಳೆಯ ಹುಲ್ಲುಗಾವಲುಗಳಲ್ಲಿ ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದಲ್ಲ, ನೂರು ವರ್ಷಗಳಿಗೂ ಹಿಂದೆ ಅವರು ನಡೆಸಿದ ಕಾರ್ಯದ ಫಲವನ್ನು ಇಂದಿಗೂ ಅನೇಕ ದೇಶಗಳ ಪಶುಪಾಲಕರು, ತಿಳಿದೋ ತಿಳಿಯದೆಯೋ, ಪಡೆಯುತ್ತಿದ್ದಾರೆ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಪಶುಪಾಲಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಆರ್ನಾಲ್ಡ್ ಥೈಲರ್ ಅವರು 1867ರ ಮಾರ್ಚ್ 26ರಂದು ಸ್ವಿಟ್ಜರ್ಲೆಂಡ್ ದೇಶದ ಆರ್ಗಾವ್ ಪ್ರಾಂತ್ಯದ ಫ್ರಿಕ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಶಾಲಾ ಶಿಕ್ಷಕರು. ಬರ್ನ್ ಮತ್ತು ಜ್ಯೂರಿಕ್ ನಗರಗಳಲ್ಲಿ ಪಶುವೈದ್ಯಕೀಯ ವ್ಯಾಸಂಗ ಮಾಡಿ 1889ರಲ್ಲಿ ಪದವಿ ಪಡೆದರು. ಸ್ವಲ್ಪ ಕಾಲ ಸ್ವದೇಶದಲ್ಲಿಯೇ ವೃತ್ತಿ ನಡೆಸಿದ ನಂತರ, 1891ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಗಣರಾಜ್ಯಕ್ಕೆ ತೆರಳಿದರು.

ಆಗ ಟ್ರಾನ್ಸ್‌ವಾಲ್ ಪ್ರದೇಶದಲ್ಲಿ ಚಿನ್ನದ ಗಣಿಗಳು ಆರಂಭವಾಗಿ ಐದಾರು ವರ್ಷಗಳಾಗಿದ್ದವು. ಜೊಹಾನ್ಸ್‌ಬರ್ಗ್ ನಗರವು ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಗಣಿಗೆ ಬೇಕಾದ ಸರಕೆಲ್ಲವೂ ಎತ್ತಿನ ಬಂಡಿಗಳಲ್ಲಿ ಮತ್ತು ಹೇಸರಗತ್ತೆಗಳ ಬಂಡಿಗಳಲ್ಲಿ ಬರಬೇಕಾಗಿದ್ದುದರಿಂದ ಪಶುವೈದ್ಯನಿಗೆ ಕೆಲಸಕ್ಕೆ ಕೊರತೆ ಇರಲಾರದೆಂದು ಯುವಕ ಥೈಲರ್ ಎಣಿಸಿದ್ದರು. ಆದರೆ ಎಣಿಕೆ ತಪ್ಪಿತು. ಅಲ್ಲಿನ ರೈತರು ತಮ್ಮ ರಾಸುಗಳಿಗೆ ತಾವೇ ಔಷಧೋಪಚಾರ ಮಾಡಿಕೊಳ್ಳುತ್ತಿದ್ದರು; ಹೊಸದಾಗಿ ಬಂದ ಪರದೇಶದ ವೈದ್ಯನನ್ನು ಕರೆಯುವವರು ವಿರಳ. ಜೀವನೋಪಾಯಕ್ಕಾಗಿ ಅವರು ಪ್ರಿಟೋರಿಯಾ ನಗರದ ಸಮೀಪದ ಐರೀನ್ ಎಂಬ ದೊಡ್ಡ ಜಮೀನಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಲುಕಿ ಅವರ ಎಡಗೈ ಹೋಯಿತು.

ಪಶುವೈದ್ಯನಿಗೆ ಎರಡು ಕೈಗಳೂ ಸಾಲದೆಂದು ಬಲ್ಲವರು ಹೇಳುತ್ತಾರೆ. ಕರು ಹೊರತೆಗೆಯುವಾಗ, ಬೆದರಿದ ಕುದುರೆಯನ್ನು ಹಿಡಿಯುವಾಗ, ಸತ್ತ ರಾಸುವಿನ ಶವಪರೀಕ್ಷೆ ನಡೆಸುವಾಗ ಎಡಗೈ ಇಲ್ಲದ ಕಷ್ಟವನ್ನು ಊಹಿಸಬಹುದು. ಸ್ವದೇಶಕ್ಕೆ ಹಿಂದಿರುಗುವುದಕ್ಕೆ ಇದೊಂದೇ ಕಾರಣ ಸಾಕಾಗಿತ್ತು. ಥೈಲರ್ ಅವರು ಹಿಂದಿರುಗಲಿಲ್ಲ. ಗಾಯ ಮಾಗಿದ ಬಳಿಕ ಬಲಗೈಯೊಂದರಿಂದಲೇ ವೃತ್ತಿಯನ್ನು ಪುನಃ ಪ್ರಾರಂಭಿಸಿದರು.

1893ರಲ್ಲಿ ಜೊಹಾನ್ಸ್‌ಬರ್ಗ್ ನಗರದಲ್ಲಿ ಮನುಷ್ಯರಿಗೆ ತಗಲುವ ಸಿಡುಬು ರೋಗ ಕಾಣಿಸಿಕೊಂಡಿತು. ದೂರದಿಂದ ಹಡಗಿನಲ್ಲಿ ಬರುವ ಲಸಿಕೆ ಸಕಾಲಕ್ಕೆ ದೊರೆಯುವಂತಿರಲಿಲ್ಲ. ಥೈಲರ್ ಅವರು ಕರುಗಳ ಚರ್ಮದ ಮೇಲೆ ಲಸಿಕೆಯ ದ್ರವವನ್ನು ಬೆಳೆಸಿ ಸ್ಥಳೀಯವಾಗಿಯೇ ಸಿಡುಬಿನ ಲಸಿಕೆಯನ್ನು ಒದಗಿಸಿದರು. ಜಾನುವಾರುಗಳ ವೈದ್ಯನೆಂದು ಯಾರೂ ಕೇಳದಿದ್ದವರ ಹೆಸರು ಮನುಷ್ಯರ ಲಸಿಕೆಯ ಮೂಲಕ ಸರ್ಕಾರಕ್ಕೆ ಪರಿಚಯವಾಯಿತು. ಅದೇ ವರ್ಷ ಅವರಿಗೆ ಸ್ವಿಟ್ಜರ್ಲೆಂಡಿನ ಎಮ್ಮಾ ಯೆಗ್ಗೆ ಅವರೊಡನೆ ವಿವಾಹವಾಯಿತು.

ದೊಡ್ಡರೋಗ

ಕನ್ನಡ ನಾಡಿನಲ್ಲಿ ದೊಡ್ಡರೋಗವೆಂದು ಕರೆಯಲಾಗುತ್ತಿದ್ದ ರಿಂಡರ್‌ಪೆಸ್ಟ್ ರೋಗವು ಅದುವರೆಗೆ ದಕ್ಷಿಣ ಆಫ್ರಿಕಾಕ್ಕೆ ಅಪರಿಚಿತ. 1880ರ ದಶಕದ ಕೊನೆಯಲ್ಲಿ ಕೆಂಪು ಸಮುದ್ರದ ದಡದ ಮಸ್ಸಾವಾ ಬಂದರಿನ ಮೂಲಕ, ಇಟಲಿಯ ಸೈನ್ಯಕ್ಕಾಗಿ ತಂದ ದನಗಳೊಂದಿಗೆ ಇದು ಆಫ್ರಿಕಾ ಖಂಡವನ್ನು ಪ್ರವೇಶಿಸಿತೆಂದೂ, ಆ ದನಗಳು ಭಾರತದ ಕಡೆಯಿಂದ ಹೋದವೆಂದೂ ಸಾಮಾನ್ಯವಾಗಿ ಭಾವಿಸಲಾಗಿದೆ. ದಕ್ಷಿಣದ ಕಡೆಗೆ ವರ್ಷವರ್ಷವೂ ಸಾಗಿದ ರೋಗವು 1896ರಲ್ಲಿ ಜಾಂಬೆಜಿ ನದಿಯನ್ನು ದಾಟಿತು. ಅಲ್ಲಿಂದ ಮುಂದೆ ಎತ್ತಿನ ಬಂಡಿಗಳ ದಾರಿಯೇ ಅದರ ದಾರಿಯಾಯಿತು. ಆ ನದಿಯಿಂದ ದಕ್ಷಿಣಕ್ಕೆ ಸುಮಾರು 25 ಲಕ್ಷ ದನಗಳು ಸತ್ತವೆಂದು ಅಂದಾಜಿಸಲಾಗಿದೆ. ದಾರಿಯ ಇಕ್ಕೆಲಗಳಲ್ಲಿ ಬಂಡಿಗಳು ನಿಂತಲ್ಲೇ ನಿಂತವು. ಹಾಲು, ಉಳುಮೆ, ಸಾಗಣೆ, ವಧುದಕ್ಷಿಣೆ ಎಲ್ಲಕ್ಕೂ ದನಗಳನ್ನೇ ನಂಬಿದ್ದ ಆಫ್ರಿಕಾದ ಮೂಲನಿವಾಸಿ ಕುಟುಂಬಗಳು ಎಲ್ಲರಿಗಿಂತ ಹೆಚ್ಚು ನಷ್ಟ ಅನುಭವಿಸಿದವು.

ಆ ವರ್ಷ ಟ್ರಾನ್ಸ್‌ವಾಲ್ ಸರ್ಕಾರವು ಥೈಲರ್ ಅವರನ್ನು ಸರ್ಕಾರಿ ಪಶುವೈದ್ಯರನ್ನಾಗಿ ನೇಮಿಸಿತು. ಸೋಂಕು ತಗಲಿದ ಹಿಂಡನ್ನು ಗುಂಡಿಟ್ಟು ಕೊಲ್ಲುವುದು, ಉದ್ದನೆಯ ತಂತಿಬೇಲಿ ಹಾಕುವುದು ಇವೇ ಮೊದಲಾದ ಕ್ರಮಗಳು ಆ ವೇಳೆಗೆ ವಿಫಲವಾಗಿದ್ದವು. ಥೈಲರ್ ಅವರು ನಟಾಲ್ ವಸಾಹತಿನ ಪಶುವೈದ್ಯ ಹರ್ಬರ್ಟ್ ವಾಟ್ಕಿನ್ಸ್ ಪಿಚ್‌ಫರ್ಡ್ ಅವರೊಡನೆ ಮಾರಿಕೊ ಜಿಲ್ಲೆಯ ಬಯಲಿನಲ್ಲಿ, ರೋಗವಿದ್ದ ಸ್ಥಳದಲ್ಲಿಯೇ, ಪ್ರಯೋಗಗಳನ್ನು ನಡೆಸಿದರು. ರೋಗ ಬಂದು ಬದುಕಿ ಉಳಿದ ದನದ ರಕ್ತಸಾರವನ್ನು, ಅಂದರೆ ಸೀರಮ್ಮನ್ನು, ಬೇರೆ ದನಕ್ಕೆ ಚುಚ್ಚಿದರೆ ಅದಕ್ಕೆ ರಕ್ಷಣೆ ದೊರೆಯುತ್ತದೆಂಬುದು ಅವರಿಗೆ ಕಂಡುಬಂದಿತು. ಅದೇ ಕಾಲದಲ್ಲಿ ಜಗತ್ಪ್ರಸಿದ್ಧ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಅವರು ಕಿಂಬರ್ಲಿಯಲ್ಲಿ, ಸತ್ತ ದನದ ಪಿತ್ತರಸವನ್ನು ಚುಚ್ಚುವ ಇನ್ನೊಂದು ವಿಧಾನವನ್ನು ಪ್ರಕಟಿಸಿ, 1897ರಲ್ಲಿ ಪ್ಲೇಗ್ ರೋಗದ ಅಧ್ಯಯನಕ್ಕಾಗಿ ಬೊಂಬಾಯಿಗೆ ಹೊರಟರು. ಪಿತ್ತರಸದ ವಿಧಾನದಿಂದ ಅನೇಕ ಹಿಂಡುಗಳು ಉಳಿದವಾದರೂ ಅದರಿಂದ ರೋಗವೇ ಹರಡಿದ ಸಂದರ್ಭಗಳೂ ಇದ್ದವು. ಕಾಲಕ್ರಮದಲ್ಲಿ ಸೀರಂ ವಿಧಾನವೇ, ಫ್ರಾನ್ಸಿನ ಪಾಶ್ಚರ್ ಸಂಸ್ಥೆಯಿಂದ ಬಂದವರೂ ಸೇರಿದಂತೆ ಹಲವರ ಪರಿಶ್ರಮದಿಂದ ಸುಧಾರಣೆಗೊಂಡು, ಬಳಕೆಯಲ್ಲಿ ನಿಂತಿತು.

ಈ ವಿಧಾನಕ್ಕೂ ಕರ್ನಾಟಕಕ್ಕೂ ಸಂಬಂಧವಿದೆ. ದೊಡ್ಡರೋಗವನ್ನು ತಡೆಯಲು ಬೇಕಾದ ಸೀರಮ್ಮನ್ನು ಇಲ್ಲಿಯೇ ತಯಾರಿಸುವ ಉದ್ದೇಶದಿಂದ ಮೈಸೂರು ಸಂಸ್ಥಾನದ ಸರ್ಕಾರವು 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಹೆಬ್ಬಾಳದಲ್ಲಿ ಜಾನುವಾರುಗಳ ಲಸಿಕೆ ತಯಾರಿಸುವ ರಾಜ್ಯದ ಸಂಸ್ಥೆಯು ಬೆಳೆದುಬಂದದ್ದು ಅದರಿಂದಲೇ. ಭಾರತವು ದೊಡ್ಡರೋಗದಿಂದ ಮುಕ್ತವೆಂದು 2006ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. 2011ರಲ್ಲಿ ಇಡೀ ಜಗತ್ತೇ ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಜಾನುವಾರುಗಳ ರೋಗಗಳ ಪೈಕಿ ಭೂಮಿಯಿಂದ ಪೂರ್ಣವಾಗಿ ನಿರ್ಮೂಲವಾದದ್ದು ಇದೊಂದೇ.

ಯುದ್ಧಕಾಲ ಮತ್ತು ಡಾಸ್ಪೂರ್ಟ್ ಪ್ರಯೋಗಾಲಯ

ದೊಡ್ಡರೋಗ ಇಳಿಮುಖವಾದ ಮೇಲೆ ಪ್ರಿಟೋರಿಯಾ ನಗರದ ಹೊರಗಿನ ಡಾಸ್ಪೂರ್ಟ್ ಎಂಬಲ್ಲಿ ಥೈಲರ್ ಅವರಿಗೆ ಒಂದು ಸಣ್ಣ ಪ್ರಯೋಗಾಲಯ ದೊರೆಯಿತು. ಅದು ಅನುಕೂಲದ ಕಟ್ಟಡವಾಗಿರಲಿಲ್ಲ. 1899ರಲ್ಲಿ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ಪ್ರಾರಂಭವಾದಾಗ ಥೈಲರ್ ಅವರು ಬೋಯರ್ ಸೈನ್ಯದ ಪಶುವೈದ್ಯರಾಗಿ ಲೇಡಿಸ್ಮಿತ್ ಕಡೆಗೆ ಹೋಗಬೇಕಾಯಿತು. 1900ರಲ್ಲಿ ಪ್ರಿಟೋರಿಯಾ ಬ್ರಿಟಿಷರ ವಶವಾಯಿತು. ಸೋತ ಪಕ್ಷದ ನೌಕರನನ್ನು ಗೆದ್ದ ಸರ್ಕಾರ ಹುದ್ದೆಯಿಂದ ತೆಗೆಯಲಿಲ್ಲ; ಪ್ರಯೋಗಾಲಯದ ಕೆಲಸವನ್ನು ಮುಂದುವರಿಸುವಂತೆ ತಿಳಿಸಿತು. ಯುದ್ಧದಲ್ಲಿ ಕುದುರೆಗಳು ಅಪಾರ ಸಂಖ್ಯೆಯಲ್ಲಿ ಸಾಯುತ್ತಿದ್ದುದರಿಂದ ಅವರ ಕೆಲಸ ಇಬ್ಬರಿಗೂ ಬೇಕಾಗಿತ್ತು.

ಉಣ್ಣೆಯಿಂದ ಹರಡುವ ಜ್ವರ

ದೊಡ್ಡರೋಗ ಮತ್ತು ಯುದ್ಧದಿಂದ ಬರಿದಾದ ಹಟ್ಟಿಗಳನ್ನು ತುಂಬಲು ಆಫ್ರಿಕಾದ ಪೂರ್ವ ತೀರದಿಂದ ದನಗಳನ್ನು ತರಿಸಲಾಯಿತು. 1902ರ ವೇಳೆಗೆ ಅವುಗಳೊಂದಿಗೆ ಮತ್ತೊಂದು ಮಾರಕ ಜ್ವರ ಬಂದಿತು. ಸೂಕ್ಷ್ಮದರ್ಶಕದಲ್ಲಿ ರಕ್ತದ ಕೆಂಪು ಕಣಗಳೊಳಗೆ ಪರೋಪಜೀವಿ ಕಾಣುತ್ತಿದ್ದುದರಿಂದ, ಇದು ಹಳೆಯ ರಕ್ತಮೂತ್ರ ಜ್ವರದ ಇನ್ನೊಂದು ರೂಪವೆಂದು ಮೊದಲಿಗೆ ಭಾವಿಸಲಾಯಿತು. ಕಾಖ್ ಅವರು ಪುನಃ ಬಂದು, ಬುಲವಾಯೊ ನಗರದಲ್ಲಿ ನಿಂತು, ಚೇತರಿಸಿಕೊಂಡ ದನದ ರಕ್ತವನ್ನು ಪದೇ ಪದೇ ಚುಚ್ಚುವ ಕ್ರಮವನ್ನು ಸೂಚಿಸಿದರು. ಆ ಕ್ರಮ ಫಲಿಸಲಿಲ್ಲ.

ಥೈಲರ್ ಅವರು ಹಿಡಿದ ದಾರಿ ನಿಧಾನದ್ದು. ರಕ್ತಮೂತ್ರ ಜ್ವರವು ರೋಗಿ ರಾಸುವಿನ ರಕ್ತ ಚುಚ್ಚಿದರೆ ಇನ್ನೊಂದು ರಾಸುವಿಗೆ ತಗಲುತ್ತದೆ. ಈ ಹೊಸ ಜ್ವರ ಸಾಮಾನ್ಯವಾಗಿ ಹಾಗೆ ತಗಲುವುದಿಲ್ಲ. ಹಾಗಾದರೆ ಎರಡೂ ಒಂದೇ ರೋಗವಾಗಿರಲು ಸಾಧ್ಯವಿಲ್ಲವೆಂದು ಅವರು ತೀರ್ಮಾನಿಸಿದರು. ಕೆಂಪು ಕಣಗಳಲ್ಲಿ ಕಂಡ ಸಣ್ಣ ಪರೋಪಜೀವಿಯನ್ನು ಬೇರೆಯದೇ ಆದ ಪ್ರಭೇದವೆಂದು 1904ರಲ್ಲಿ ವಿವರಿಸಿದರು. ರೋಗವನ್ನು ಸಾಗಿಸುವುದು ಕಿವಿಯಲ್ಲಿ ಕಚ್ಚಿಕೊಳ್ಳುವ ಕಂದು ಬಣ್ಣದ ಉಣ್ಣೆಯೆಂದು ಕೇಪ್ ಪ್ರಾಂತ್ಯದ ಕೀಟತಜ್ಞ ಚಾರ್ಲ್ಸ್ ಲೌನ್ಸ್‌ಬರಿ ಅವರು ತೋರಿಸಿಕೊಟ್ಟರು. ಉಣ್ಣೆ ಇಲ್ಲದೆ ರೋಗವಿಲ್ಲ ಎಂಬುದು ಖಚಿತವಾದ ಮೇಲೆ, ದನಗಳಿಗೆ ಸೂಜಿಯ ಬದಲು ಸ್ನಾನ ಬೇಕಾಯಿತು. ಔಷಧಿ ಬೆರೆಸಿದ ನೀರಿನ ತೊಟ್ಟಿಯಲ್ಲಿ ದನಗಳನ್ನು ಕೆಲವೇ ದಿನಗಳ ಅಂತರದಲ್ಲಿ ಈಜಿಸುವುದು, ಬೇಲಿ ಹಾಕಿ ದನಗಳ ಓಡಾಟ ತಡೆಯುವುದು, ಸೋಂಕಿನ ಹುಲ್ಲುಗಾವಲನ್ನು ಒಂದು ವರ್ಷಕ್ಕೂ ಮೀರಿ ದನಗಳಿಲ್ಲದೆ ಖಾಲಿ ಬಿಟ್ಟು ಉಣ್ಣೆಗಳು ಸಾಯುವಂತೆ ಮಾಡುವುದು ಮುಂತಾದ ಕ್ರಮಗಳನ್ನು ಜಾರಿಗೆ ತರಲಾಯಿತು. ದಕ್ಷಿಣ ಆಫ್ರಿಕಾವು ಈ ಜ್ವರವನ್ನು ತೊಡೆದುಹಾಕಲು 1950ರ ದಶಕದವರೆಗೆ ಶ್ರಮಿಸಬೇಕಾಯಿತು.

1907ರಲ್ಲಿ ಪೋರ್ಚುಗಲ್ಲಿನ ವಿಜ್ಞಾನಿಗಳು ಈ ಬಗೆಯ ಪರೋಪಜೀವಿಗಳ ಕುಲಕ್ಕೆ ಥೈಲರ್ ಅವರ ಗೌರವಾರ್ಥ ಥೈಲೇರಿಯಾ ಎಂದು ಹೆಸರಿಟ್ಟರು. ಭಾರತದಲ್ಲಿ ಕಂಡುಬರುವುದು ಅದೇ ಕುಲದ ಬೇರೆ ಪ್ರಭೇದ. ಅದನ್ನು ಹರಡುವ ಉಣ್ಣೆಯೂ ಬೇರೆ ಜಾತಿಯದು. ನಾಟಿ ದನಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳು ಮತ್ತು ಅವುಗಳ ಕರುಗಳು ತಾಳಲಾರವು. 1910ರಲ್ಲಿ ಥೈಲರ್ ಅವರು ಕೆಂಪು ಕಣದ ಅಂಚಿನಲ್ಲಿ ಚುಕ್ಕೆಯಂತೆ ಕಾಣುವ ಅನಾಪ್ಲಾಸ್ಮಾ ರೋಗಾಣುವನ್ನು ಪ್ರತ್ಯೇಕವಾಗಿ ಗುರುತಿಸಿದರು. ಮುಂದಿನ ವರ್ಷ ಅದಕ್ಕಿಂತ ಸೌಮ್ಯವಾದ ಇನ್ನೊಂದು ಪ್ರಭೇದವನ್ನು ಗುರುತಿಸಿ, ಸೌಮ್ಯ ರೋಗವನ್ನು ಬೇಕೆಂದೇ ತಗಲಿಸಿ ಉಗ್ರ ರೋಗದಿಂದ ರಕ್ಷಿಸುವ ಮಾರ್ಗವನ್ನು ತೆರೆದರು. ಆ ಸೌಮ್ಯ ಪ್ರಭೇದವನ್ನು ಲಸಿಕೆಯಾಗಿ ಬಳಸುವ ದೇಶಗಳು ಈಗಲೂ ಇವೆ.

ಆಂಡರ್‌ಸ್ಟೆಪೂರ್ಟ್ ಮತ್ತು ಕುರಿಗಳ ನೀಲಿ ನಾಲಿಗೆ ರೋಗ

ಡಾಸ್ಪೂರ್ಟ್ ಪ್ರಯೋಗಾಲಯದ ಇಕ್ಕಟ್ಟಿನಲ್ಲಿ ಕೆಲಸ ಸಾಗದೆಂದು ಥೈಲರ್ ಅವರು ಸರ್ಕಾರಕ್ಕೆ ಮನವರಿಕೆ ಮಾಡಿಕೊಟ್ಟ ಪರಿಣಾಮವಾಗಿ, 1908ರಲ್ಲಿ ಪ್ರಿಟೋರಿಯಾದ ಉತ್ತರಕ್ಕೆ ಆಂಡರ್‌ಸ್ಟೆಪೂರ್ಟ್ ಎಂಬಲ್ಲಿ ವಿಶಾಲವಾದ ಸಂಶೋಧನಾ ಸಂಸ್ಥೆ ಆರಂಭವಾಯಿತು. ಸ್ಥಳದ ಆಯ್ಕೆಯಲ್ಲಿ ಒಂದು ವಿಶೇಷವಿತ್ತು. ಕುದುರೆಗಳಿಗೆ ಮಾರಕವಾದ ಆಫ್ರಿಕಾದ ಕುದುರೆ ಬೇನೆ ಅಲ್ಲಿ ವರ್ಷವರ್ಷವೂ ಕಾಣಿಸಿಕೊಳ್ಳುತ್ತಿತ್ತು. ಬೇರೆಯವರು ಅಂತಹ ಜಾಗವನ್ನು ಬಿಟ್ಟು ಹೋಗುತ್ತಿದ್ದರು. ಥೈಲರ್ ಅವರಿಗೆ ರೋಗವಿರುವ ಜಾಗವೇ ಬೇಕಾಗಿತ್ತು.

ಕುದುರೆ ಬೇನೆಗೆ ಅವರು ಸೀರಂ ಮತ್ತು ರೋಗಿಯ ರಕ್ತ ಎರಡನ್ನೂ ಜೊತೆಯಾಗಿ ಚುಚ್ಚುವ ಕ್ರಮವನ್ನು ರೂಪಿಸಿದರು. ಹೇಸರಗತ್ತೆಗಳಲ್ಲಿ ಅದು ಚೆನ್ನಾಗಿ ಫಲಿಸಿತು. ಒಮ್ಮೆ ರಕ್ಷಣೆ ಪಡೆದ ಪ್ರಾಣಿಗೂ ಕೆಲವೊಮ್ಮೆ ರೋಗ ಮರುಕಳಿಸುತ್ತಿದ್ದುದನ್ನು ಗಮನಿಸಿದ ಅವರು, ಅದು ಲಸಿಕೆಯ ದೋಷ ಮಾತ್ರವಲ್ಲ, ರೋಗಾಣುವಿನಲ್ಲಿಯೇ ಹಲವು ಬಗೆಗಳಿವೆ ಎಂಬ ನಿರ್ಣಯಕ್ಕೆ ಬಂದರು. ಇದು ಮುಂದೆ ಪೂರ್ಣ ಸತ್ಯವೆಂದು ರುಜುವಾತಾಯಿತು.

ಕುರಿ ಸಾಕುವವರಿಗೆ ಹೆಚ್ಚು ಪರಿಚಿತವಾದ ವಿಷಯ ನೀಲಿ ನಾಲಿಗೆ ರೋಗ. ಯುರೋಪಿನಿಂದ ತಂದ ಮೆರಿನೊ ಕುರಿಗಳು ದಕ್ಷಿಣ ಆಫ್ರಿಕಾದಲ್ಲಿ ಮಳೆಗಾಲದ ನಂತರ ಜ್ವರ ಬಂದು, ತುಟಿ ನಾಲಿಗೆ ಊದಿ, ಬಾಯಿ ಹುಣ್ಣಾಗಿ, ಗೊರಸಿನ ಮೇಲಂಚು ಕೆಂಪಾಗಿ ಕುಂಟುತ್ತಾ ಸಾಯುತ್ತಿದ್ದವು. ಇದು ಅತಿ ಸೂಕ್ಷ್ಮ ಶೋಧಕದ ಮೂಲಕವೂ ಹಾದುಹೋಗುವ ವೈರಾಣುವಿನಿಂದ ಬರುತ್ತದೆಂದು ಥೈಲರ್ ಅವರು 1900ರ ದಶಕದ ನಡುವಿನಲ್ಲಿ ತೋರಿಸಿದರು. ವೈರಾಣುವನ್ನು ಕುರಿಯಿಂದ ಕುರಿಗೆ ಹಲವು ಬಾರಿ ಸಾಗಿಸಿ, ಶಕ್ತಿ ಕುಂದಿಸಿ, ಲಸಿಕೆಯನ್ನು ಸಿದ್ಧಪಡಿಸಿದರು. ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿನ ಕುರಿ ಸಾಕಣೆ ಆ ಲಸಿಕೆಯನ್ನು ನಂಬಿ ನಡೆಯಿತು. ಅದರಲ್ಲಿ ಕೊರತೆ ಇಲ್ಲದಿರಲಿಲ್ಲ. ಕೆಲವು ಹಿಂಡುಗಳಲ್ಲಿ ಲಸಿಕೆಯಿಂದಲೇ ಜ್ವರ ಬರುತ್ತಿತ್ತು. ಈ ವೈರಾಣುವಿನಲ್ಲಿಯೂ ಹಲವು ಬಗೆಗಳಿರುವುದರಿಂದ ಒಂದು ಬಗೆಯ ಲಸಿಕೆ ಎಲ್ಲವನ್ನೂ ತಡೆಯುತ್ತಿರಲಿಲ್ಲ. ರೋಗವನ್ನು ಹರಡುವುದು ಕ್ಯೂಲಿಕಾಯ್ಡಿಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರಕ್ತ ಹೀರುವ ಕೀಟವೆಂಬುದು ಅವರ ಕಾಲಾನಂತರ, 1944ರಲ್ಲಿ, ಅದೇ ಸಂಸ್ಥೆಯಲ್ಲಿ ಸಿದ್ಧವಾಯಿತು.

ಭಾರತದಲ್ಲಿ ಈ ರೋಗವು 1960ರ ದಶಕದಲ್ಲಿ ಮಹಾರಾಷ್ಟ್ರದಿಂದ ಮೊದಲು ವರದಿಯಾಯಿತು. ದಕ್ಷಿಣ ರಾಜ್ಯಗಳ ಒಣ ಜಿಲ್ಲೆಗಳಲ್ಲಿ ಮುಂಗಾರು ಹಾಗೂ ಹಿಂಗಾರು ಮಳೆಯ ನಂತರ ಕೀಟಗಳು ಹೆಚ್ಚಿದಾಗ ಇದು ಹಿಂಡುಗಳನ್ನು ಕಾಡುತ್ತದೆ. ಬದುಕಿ ಉಳಿದ ಕುರಿಯೂ ತಿಂಗಳುಗಟ್ಟಲೆ ಮೈ ಹಿಡಿಯುವುದಿಲ್ಲ. ಇಲ್ಲಿನ ಐದು ಬಗೆಯ ವೈರಾಣುಗಳನ್ನು ಸೇರಿಸಿ ಭಾರತದಲ್ಲಿಯೇ ರೂಪಿಸಿದ ನಿಷ್ಕ್ರಿಯ ಲಸಿಕೆ 2010ರ ದಶಕದಲ್ಲಿ ಬಳಕೆಗೆ ಬಂದಿತು. ಒಂದಕ್ಕಿಂತ ಹೆಚ್ಚು ಬಗೆಗಳನ್ನು ಸೇರಿಸಬೇಕಾದದ್ದು ಏಕೆಂಬುದು ಮೇಲಿನ ವಿವರದಿಂದ ತಿಳಿಯುತ್ತದೆ.

ಮೂಳೆ ಕಡಿಯುವ ದನಗಳು

ಥೈಲರ್ ಅವರ ಕೆಲಸಗಳಲ್ಲಿ ಒಣಭೂಮಿಯ ಪಶುಪಾಲಕರು ವಿಶೇಷವಾಗಿ ಅರಿಯಬೇಕಾದದ್ದು ಲಾಮ್‌ಸೀಕ್ಟೆ ಎಂಬ ರೋಗದ ವೃತ್ತಾಂತ. ಕುಂಟು ರೋಗವೆಂದು ಈ ಹೆಸರಿನ ಅರ್ಥ. ಕೇಪ್ ಪ್ರಾಂತ್ಯದ ಉತ್ತರ ಭಾಗ, ಬೆಚುವಾನಾಲ್ಯಾಂಡ್ ಮತ್ತು ಟ್ರಾನ್ಸ್‌ವಾಲಿನ ಪಶ್ಚಿಮ ಭಾಗದ ಅರೆ ಶುಷ್ಕ ಹುಲ್ಲುಗಾವಲುಗಳಲ್ಲಿ, ಹುಲ್ಲು ಒಣಗುವ ತಿಂಗಳುಗಳಲ್ಲಿ, ನೋಡಲು ಚೆನ್ನಾಗಿಯೇ ಇದ್ದ ದನ ಇದ್ದಕ್ಕಿದ್ದಂತೆ ಕಾಲೆಳೆಯುತ್ತಿತ್ತು. ಆಮೇಲೆ ಮಲಗಿ ಏಳುತ್ತಿರಲಿಲ್ಲ. ದವಡೆ ಮತ್ತು ನಾಲಿಗೆಗಳು ನಿಶ್ಚೇಷ್ಟಿತವಾಗಿ, ಪ್ರಜ್ಞೆ ಇದ್ದಂತೆಯೇ, ಕೆಲವು ದಿನಗಳಲ್ಲಿ ಸಾಯುತ್ತಿತ್ತು. ಹೊಟ್ಟೆ ಸೀಳಿ ನೋಡಿದರೆ ಯಾವ ಗುರುತೂ ಸಿಗುತ್ತಿರಲಿಲ್ಲ. ಬೆಳೆಯುವ ಕಡಸುಗಳು ಮತ್ತು ಕರು ಹಾಕಿ ಹಾಲು ಕೊಡುತ್ತಿದ್ದ ಹಸುಗಳೇ ಹೆಚ್ಚಾಗಿ ಬಲಿಯಾಗುತ್ತಿದ್ದವು. ಇಂತಹ ಪ್ರದೇಶಗಳಲ್ಲಿ ದನ ಕಟ್ಟುವುದೇ ಬೇಡವೆಂದು ಊರು ಬಿಟ್ಟವರಿದ್ದರು.

ಕಾರಣದ ಬಗ್ಗೆ ಅಭಿಪ್ರಾಯಗಳಿಗೆ ಕೊರತೆ ಇರಲಿಲ್ಲ. ವಿಷದ ಗಿಡವೆಂದು ಕೆಲವರು, ಬಾಡಿದ ಹುಲ್ಲೆಂದು ಕೆಲವರು ಹೇಳುತ್ತಿದ್ದರು. ಹಳೆಯ ರೈತರು ಇನ್ನೊಂದು ಮಾತು ಹೇಳುತ್ತಿದ್ದರು. ಈ ಸೀಮೆಯ ದನಗಳು ಬಯಲಿನಲ್ಲಿ ಬಿದ್ದ ಮೂಳೆಗಳನ್ನು ಹುಡುಕಿ ಕಡಿಯುತ್ತವೆ, ರೋಗ ಬರುವುದು ಅಂತಹ ದನಗಳಿಗೆ ಎಂಬುದು ಅವರ ಅನುಭವ. ಕೇಪ್ ಪ್ರಾಂತ್ಯದ ಸರ್ಕಾರಿ ಪಶುವೈದ್ಯ ಡಂಕನ್ ಹಚಿಯನ್ ಅವರು 1880ರ ದಶಕದಲ್ಲಿಯೇ ಇದನ್ನು ಗಮನಕ್ಕೆ ತೆಗೆದುಕೊಂಡು, ಹುಲ್ಲಿನಲ್ಲಿ ರಂಜಕದ ಕೊರತೆ ಇರಬಹುದೆಂದೂ, ಮೂಳೆ ಪುಡಿ ತಿನ್ನಿಸಬೇಕೆಂದೂ ಸಲಹೆ ಮಾಡಿದ್ದರು. ಸಲಹೆ ಕಾಲಕ್ರಮದಲ್ಲಿ ಮರೆಗೆ ಸರಿಯಿತು. ಥೈಲರ್ ಅವರೂ 1912ರ ಸುಮಾರಿಗೆ, ಬರದ ದಿನಗಳಲ್ಲಿ ಸಸ್ಯಗಳಲ್ಲಿ ಉತ್ಪತ್ತಿಯಾಗುವ ಯಾವುದೋ ವಿಷವೇ ಕಾರಣವೆಂಬ ಅಭಿಪ್ರಾಯದ ಕಡೆಗೆ ವಾಲಿದ್ದರು. ಆ ದಾರಿಯಲ್ಲಿ ನಡೆಸಿದ ಪ್ರಯೋಗಗಳಿಂದ ಫಲ ದೊರೆಯಲಿಲ್ಲ.

1919ರಲ್ಲಿ ಥೈಲರ್ ಅವರು ವ್ರೈಬರ್ಗ್ ಪಟ್ಟಣದ ಸಮೀಪದ ಆರ್ಮೂಡ್ಸ್‌ವ್ಲಾಕ್ಟೆ ಎಂಬ ಜಮೀನಿಗೆ ಹೋಗಿ ನೆಲೆಸಿದರು. ಬಡತನದ ಬಯಲು ಎಂಬುದು ಆ ಹೆಸರಿನ ಅರ್ಥ. ಆಗ ಅವರಿಗೆ 52 ವರ್ಷ; ಬ್ರಿಟಿಷ್ ಸರ್ಕಾರದಿಂದ ಸರ್ ಪದವಿ ದೊರೆತು ಐದು ವರ್ಷಗಳಾಗಿದ್ದವು; ನಿರ್ದೇಶಕರ ಕಚೇರಿಯಲ್ಲಿ ಕುಳಿತು ಕಿರಿಯರನ್ನು ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ ದನಗಳ ಹಿಂದೆ ತಾವೇ ಬಯಲಿನಲ್ಲಿ ನಡೆದರು. ತಮ್ಮ ಹಿಂದಿನ ಅಭಿಪ್ರಾಯವನ್ನು ಬದಿಗಿಟ್ಟು, ರೈತರು ಹೇಳುತ್ತಿದ್ದ ಮೂಳೆಯ ಮಾತನ್ನೇ ಪರೀಕ್ಷೆಗೆ ಒಡ್ಡಿದರು. ದನಗಳ ಮುಂದೆ ಮೂಳೆಗಳನ್ನು ಹಾಕಿ ಎಷ್ಟು ದನಗಳು ಬಾಯಿ ಹಾಕುತ್ತವೆಂದು ಎಣಿಸಲಾಯಿತು. ಬೆಳ್ಳಗೆ ಒಣಗಿದ ಮೂಳೆಯನ್ನಷ್ಟೇ ಕಡಿಯುವ ದನಗಳು ಯಾವುವು, ಕೊಳೆತು ನಾರುವ ಕಳೇಬರದ ತುಂಡನ್ನೂ ಬಿಡದ ದನಗಳು ಯಾವುವು ಎಂದು ವಿಂಗಡಿಸಲಾಯಿತು. ಕೊಳೆತ ಪದಾರ್ಥ ತಿಂದ ದನಗಳಲ್ಲಿ ರೋಗ ಕಾಣಿಸಿತು. ಅದೇ ಬಯಲಿನಲ್ಲಿ ಮೇಯುತ್ತಾ, ಪ್ರತಿದಿನ ಕೆಲವೇ ಔನ್ಸ್ ಶುದ್ಧ ಮೂಳೆ ಪುಡಿ ಪಡೆಯುತ್ತಿದ್ದ ದನಗಳು ಕ್ರಮೇಣ ಮೂಳೆಯ ಚಪಲವನ್ನೇ ಬಿಟ್ಟವು. ಅವುಗಳಿಗೆ ರೋಗ ಬರಲಿಲ್ಲ.

ಹೀಗೆ ಒಂದಕ್ಕೊಂದು ಕೂಡಿಕೊಂಡ ಸರಪಳಿ ಬೆಳಕಿಗೆ ಬಂದಿತು. ಆ ಮಣ್ಣಿನಲ್ಲಿ ರಂಜಕ ಕಡಿಮೆ. ಅಲ್ಲಿ ಬೆಳೆದ ಹುಲ್ಲಿನಲ್ಲಿಯೂ ಕಡಿಮೆ, ಹುಲ್ಲು ಒಣಗಿದಾಗ ಮತ್ತಷ್ಟು ಕಡಿಮೆ. ಮೂಳೆ ಬೆಳೆಸಬೇಕಾದ ಕಡಸಿಗೂ ಹಾಲಿನ ಮೂಲಕ ರಂಜಕ ಕಳೆದುಕೊಳ್ಳುವ ಹಸುವಿಗೂ ಕೊರತೆ ಎಲ್ಲರಿಗಿಂತ ಹೆಚ್ಚು. ಕೊರತೆ ತುಂಬಿಕೊಳ್ಳಲು ದನ ಮೂಳೆಯನ್ನು ಹುಡುಕುತ್ತದೆ. ಸತ್ತ ಪ್ರಾಣಿಯ ಕೊಳೆಯುವ ದೇಹದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ರೋಗಾಣು ಬೆಳೆದು ಘೋರ ವಿಷವನ್ನು ಬಿಟ್ಟಿರುತ್ತದೆ. ಅದು ನರಗಳನ್ನು ಸ್ತಬ್ಧಗೊಳಿಸುತ್ತದೆ. ಹಾಗೆ ಸತ್ತ ದನದ ಕಳೇಬರ ಬಯಲಿನಲ್ಲಿಯೇ ಉಳಿದರೆ ಮುಂದಿನ ದನಕ್ಕೆ ಅದೇ ವಿಷದ ಊಟ. ಮಣ್ಣು, ಹುಲ್ಲು, ಹಸಿವು, ರೋಗಾಣು ಇವುಗಳಲ್ಲಿ ಯಾವುದೊಂದನ್ನು ಮಾತ್ರ ಹಿಡಿದು ಹುಡುಕಿದವರಿಗೂ ಇದು ಸಿಗುವಂತಿರಲಿಲ್ಲ. ಈ ಕಾರ್ಯದಲ್ಲಿ ರಸಾಯನತಜ್ಞ ಎಚ್. ಎಚ್. ಗ್ರೀನ್, ಪಶುವೈದ್ಯರಾದ ಪಿ. ಆರ್. ವಿಲ್ಯೂನ್, ಪಿ. ಜೆ. ಡು ಟಾಯ್ಟ್ ಮೊದಲಾದ ಸಹೋದ್ಯೋಗಿಗಳ ಪಾಲು ದೊಡ್ಡದು. ಹಚಿಯನ್ ಅವರೂ, ಹೆಸರು ಉಳಿಯದ ಆ ರೈತರೂ ಮೊದಲೇ ಅರ್ಧ ದಾರಿ ನಡೆದಿದ್ದರೆಂಬುದನ್ನು ಮರೆಯುವಂತಿಲ್ಲ.

ಪರಿಹಾರ ಅಗ್ಗದ್ದು: ಮೂಳೆ ಪುಡಿ ತಿನ್ನಿಸುವುದು, ಕಳೇಬರವನ್ನು ಹೂಳುವುದು ಅಥವಾ ಸುಡುವುದು. ಅದರಿಂದ ಸಾವು ನಿಂತದ್ದಷ್ಟೇ ಅಲ್ಲ. ದನಗಳ ತೂಕ, ಹಾಲು ಮತ್ತು ಗರ್ಭ ಕಟ್ಟುವ ಪ್ರಮಾಣ ಎಲ್ಲವೂ ಹೆಚ್ಚಿದವು. ರೋಗಕ್ಕೆಂದು ಹುಡುಕಿದ ಉತ್ತರ, ರೋಗವಿಲ್ಲದ ಹಿಂಡಿಗೂ ಲಾಭ ತಂದಿತು. ಒಣ ಪ್ರದೇಶಗಳ ದನಗಳಿಗೆ ಖನಿಜ ಪೂರೈಸುವ ಪದ್ಧತಿಗೆ ವೈಜ್ಞಾನಿಕ ಬುನಾದಿ ಹಾಕಿದ ಕಾರ್ಯಗಳಲ್ಲಿ ಇದು ಮುಖ್ಯವಾದದ್ದು. ಬೇಸಿಗೆಯಲ್ಲಿ ಒಣ ಮೇವನ್ನೇ ತಿನ್ನುವ ದನಗಳು ಮೂಳೆ, ಬಟ್ಟೆ, ಹಗ್ಗ, ಮಣ್ಣು ಮುಂತಾದವುಗಳಿಗೆ ಬಾಯಿ ಹಾಕುವುದನ್ನು ಕರ್ನಾಟಕದ ಪಶುಪಾಲಕರೂ ಕಂಡಿರುತ್ತಾರೆ. ಅದು ದುರಭ್ಯಾಸವೆಂದು ದನವನ್ನು ಹೊಡೆಯುವ ಬದಲು ಖನಿಜದ ಕೊರತೆ ಅಥವಾ ಜಂತುಬಾಧೆಯ ಸೂಚನೆಯೆಂದು ತಿಳಿಯುವುದು ಯುಕ್ತ. ಇಂದು ಮೂಳೆ ಪುಡಿಯನ್ನು ನೇರವಾಗಿ ತಿನ್ನಿಸುವ ಅಗತ್ಯವಿಲ್ಲ. ಡೈಕ್ಯಾಲ್ಸಿಯಂ ಫಾಸ್ಫೇಟ್ ಮುಂತಾದವುಗಳನ್ನು ಒಳಗೊಂಡ ಖನಿಜ ಮಿಶ್ರಣಗಳು ದೊರೆಯುತ್ತವೆ.

ಬೋಧನೆ, ನಿವೃತ್ತಿ ಮತ್ತು ನಿಧನ

ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯರಾಗಬಯಸುವವರು ಅದುವರೆಗೆ ಯುರೋಪಿಗೆ ಹೋಗಬೇಕಾಗಿತ್ತು. ಅಲ್ಲಿನ ಹಸಿರು ಹುಲ್ಲಿನ ದೇಶಗಳಲ್ಲಿ ಕಲಿತವರಿಗೆ ಉಣ್ಣೆ, ಬರ ಮತ್ತು ಬಿಸಿಲಿನ ರೋಗಗಳ ಪರಿಚಯವಿರುತ್ತಿರಲಿಲ್ಲ. 1920ರಲ್ಲಿ ಆಂಡರ್‌ಸ್ಟೆಪೂರ್ಟ್ ಆವರಣದಲ್ಲಿ ಪಶುವೈದ್ಯಕೀಯ ಬೋಧನೆ ಪ್ರಾರಂಭವಾಗಿ ಥೈಲರ್ ಅವರು ಅದರ ಮೊದಲ ಮುಖ್ಯಸ್ಥರಾದರು. ಅಲ್ಲಿಯೇ ಕಲಿತವರ ಮೊದಲ ತಂಡ 1924ರಲ್ಲಿ ಪದವಿ ಪಡೆಯಿತು. ಅಂದಿನ ವರ್ಣಭೇದದ ವ್ಯವಸ್ಥೆಯಲ್ಲಿ ಆ ಶಿಕ್ಷಣ ಬಿಳಿಯರಿಗಷ್ಟೇ ಮೀಸಲಾಗಿತ್ತು. ಸಂಸ್ಥೆಯ ಲಸಿಕೆ ಮತ್ತು ಸಲಹೆಗಳ ಪ್ರಯೋಜನ ಆಫ್ರಿಕಾದ ಮೂಲನಿವಾಸಿ ಪಶುಪಾಲಕರಿಗೆ ನಿಧಾನವಾಗಿ ತಲುಪಿತು ಎಂಬುದೂ ಈ ಇತಿಹಾಸದ ಭಾಗ. ಥೈಲರ್ ಅವರು ಕೆಲಸದಲ್ಲಿ ಬಹಳ ಕಟ್ಟುನಿಟ್ಟು.

1927ರಲ್ಲಿ ಥೈಲರ್ ಅವರು ನಿವೃತ್ತರಾದರು. 1936ರ ಜುಲೈ 24ರಂದು ಲಂಡನ್ ನಗರದಲ್ಲಿ ನಿಧನ ಹೊಂದಿದರು. ಮಗಳು ಗರ್ಟ್ರೂಡ್ ಥೈಲರ್ ಅವರು ಆಂಡರ್‌ಸ್ಟೆಪೂರ್ಟ್ ಸಂಸ್ಥೆಯಲ್ಲಿ ದುಡಿದು ಆಫ್ರಿಕಾದ ಉಣ್ಣೆಗಳ ಬಗ್ಗೆ ಹೆಸರಾಂತ ತಜ್ಞೆಯಾದರು. ಪ್ರಿಟೋರಿಯಾದಲ್ಲಿ 1899ರಲ್ಲಿ ಜನಿಸಿದ ಮಗ ಮ್ಯಾಕ್ಸ್ ಥೈಲರ್ ಅವರು ಮನುಷ್ಯರ ಹಳದಿ ಜ್ವರಕ್ಕೆ ಲಸಿಕೆ ರೂಪಿಸಿ 1951ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಆ ಲಸಿಕೆ ಈಗಲೂ ಬಳಕೆಯಲ್ಲಿದೆ.

ಥೈಲೇರಿಯಾ ರೋಗದ ಶಂಕೆ ಇರುವ ರಾಸುಗಳ ವಿಷಯದಲ್ಲಿ, ಜ್ವರ ಇರುವಾಗಲೇ, ಮನೆಮದ್ದಿನಲ್ಲಿ ದಿನ ಕಳೆಯದೆ, ರಕ್ತಪರೀಕ್ಷೆ ಮಾಡಿಸುವುದು ಅವಶ್ಯಕ. ರೋಗದ ಆರಂಭದ ದಿನಗಳಲ್ಲಿ ನೀಡಿದರೆ ಫಲಕಾರಿಯಾಗುವ ಔಷಧಿ ಲಭ್ಯವಿದೆ. ರಕ್ತಹೀನತೆ ಹೆಚ್ಚಿದ ಮೇಲೆ ರಾಸುವನ್ನು ಉಳಿಸುವುದು ಕಷ್ಟ. ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಉಣ್ಣೆಗಳು ಅಡಗಿ ಮೊಟ್ಟೆ ಇಡುವುದರಿಂದ ರಾಸುವಿನ ಮೈಗಷ್ಟೇ ಅಲ್ಲದೆ ಕೊಟ್ಟಿಗೆಗೂ ಉಣ್ಣೆನಾಶಕವನ್ನು ಪಶುವೈದ್ಯರ ಸಲಹೆಯಂತೆ ಸಿಂಪಡಿಸತಕ್ಕದ್ದು. ಕುರಿಗಳಿಗೆ ನೀಲಿ ನಾಲಿಗೆ ರೋಗದ ಲಸಿಕೆ ಹಾಗೂ ಖನಿಜ ಮಿಶ್ರಣದ ಬಳಕೆಯ ಬಗ್ಗೆ ಸಮೀಪದ ಪಶುವೈದ್ಯಕೀಯ ಸಂಸ್ಥೆಯಲ್ಲಿ ವಿಚಾರಿಸಬಹುದು.